ನಿಲ್ದಾಣ ಸರ್ಕಾರದ್ದು, ಮಾರ್ಗ ಯಾರದು?

ಜಿಲ್ಲೆಗೊಂದು ವಿಮಾನನಿಲ್ದಾಣವನ್ನು ಕಟ್ಟಿಸಿಕೊಡುವುದು ಈಚಿನ ವರ್ಷಗಳಲ್ಲಿ ನಮ್ಮ ರಾಜಕಾರಣದ ಅತ್ಯಂತ ಶೋಭಾಯಮಾನವಾದ ಕಾರ್ಯಗಳಲ್ಲೊಂದಾಗಿ ಪರಿಣಮಿಸಿದೆ. ಭೂಸ್ವಾಧೀನದ ಘೋಷಣೆಯಿಂದ ಆರಂಭವಾಗಿ ಶಿಲಾನ್ಯಾಸ, ಉದ್ಘಾಟನೆ, ಮೊದಲ ವಿಮಾನಕ್ಕೆ ಜಲಧಾರೆಯ ಸ್ವಾಗತ ಎಂದು ಮುಂದುವರಿಯುವ ಈ ಸಂಭ್ರಮಪರಂಪರೆ ಪ್ರತಿಯೊಂದು ಊರಿನಲ್ಲಿಯೂ ಯಥಾಕ್ರಮವಾಗಿ ನಡೆಯುತ್ತದೆ. ಆದರೆ ಆ ಸಂಭ್ರಮ ಮುಗಿದು ಎರಡು ಮೂರು ವರ್ಷಗಳು ಕಳೆದ ತರುವಾಯ, ಅದೇ ನಿಲ್ದಾಣದಿಂದ ವಾರಕ್ಕೆ ಎಷ್ಟು ವಿಮಾನಗಳು ಏಳುತ್ತಿವೆ, ಅವು ಯಾವ ಯಾವ ಊರಿಗೆ ಹೋಗುತ್ತಿವೆ, ಕಳೆದ ವರ್ಷ ಇದ್ದ ಸೇವೆ ಈ ವರ್ಷ ಏಕೆ ಇಲ್ಲ ಎಂದು ಲೆಕ್ಕ ಕೇಳುವ ಪದ್ಧತಿ ಮಾತ್ರ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ನಿಲ್ದಾಣವು ಸಾಧನ, ಸೇವೆಯು ಸಾಧ್ಯ. ಸಾಧನವನ್ನು ಸಾರ್ವಜನಿಕ ಧನದಿಂದ ನಿರ್ಮಿಸಿ ಸಾಧ್ಯವನ್ನು ಖಾಸಗಿ ಸಂಸ್ಥೆಗಳ ಇಚ್ಛೆಗೆ ಬಿಟ್ಟುಕೊಟ್ಟಿರುವ ನಮ್ಮ ನೀತಿಯು ಪುನರ್ವಿಚಾರಕ್ಕೆ ಅರ್ಹವಾದುದೆಂಬುದೇ ಈ ಲೇಖನದ ಪ್ರತಿಪಾದನೆ.

ಭಾರತದ ವಿಮಾನಯಾನದ ಆದಿಚರಿತ್ರೆಯನ್ನು ನೋಡಿದರೆ ಮಾರ್ಗವು ಮೊದಲು ಹುಟ್ಟಿ, ನಿಲ್ದಾಣವು ಅದರ ಹಿಂದಿನಿಂದ ಬಂದುದು ಗೋಚರವಾಗುತ್ತದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಒಂಟಿ ಎಂಜಿನಿನ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಂಚೆಯ ಚೀಲಗಳನ್ನಿಟ್ಟುಕೊಂಡು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಬಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರು ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ಇಂದಿನ ಅರ್ಥದ ಭವ್ಯ ನಿಲ್ದಾಣವೇನೂ ಇರಲಿಲ್ಲ. ಅಂಚೆಯನ್ನು ನಿಯತಕಾಲದಲ್ಲಿ ತಲುಪಿಸತಕ್ಕದ್ದೆಂಬ ಒಪ್ಪಂದವೊಂದಿತ್ತು, ಆ ಒಪ್ಪಂದದ ಬಲದಿಂದ ವಿಮಾನ ಬರುತ್ತಿತ್ತು. ತೊಂಬತ್ತಕ್ಕೂ ಹೆಚ್ಚು ವರ್ಷಗಳ ಅನಂತರ ಸ್ಥಿತಿ ವಿಪರ್ಯಸ್ತವಾಗಿದೆ. ದೇಶದ ಪ್ರಥಮ ವಾಯುಅಂಚೆಯ ತಂಗುದಾಣಗಳಲ್ಲೊಂದಾಗಿದ್ದ ಆ ಊರಿನವರು ಇಂದು ವಿಮಾನವೇರಬೇಕಾದರೆ, ತೋರಣಗಲ್ಲಿನ ಬಳಿ ಉಕ್ಕಿನ ಕಾರ್ಖಾನೆಯವರು ಕಟ್ಟಿಸಿಕೊಂಡಿರುವ ವಿದ್ಯಾನಗರದ ನಿಲ್ದಾಣವನ್ನು ಆಶ್ರಯಿಸಬೇಕಾಗಿದೆ.

1953ರ ವಾಯುಸಾರಿಗೆ ನಿಗಮಗಳ ಕಾಯಿದೆಯಿಂದ ಎಂಟು ಖಾಸಗಿ ಸಂಸ್ಥೆಗಳು ಒಂದಾಗಿ ಇಂಡಿಯನ್ ಏರ್‌ಲೈನ್ಸ್ ಎಂಬ ಸರ್ಕಾರಿ ನಿಗಮವಾದಾಗ, ಮಹಾನಗರಗಳ ನಡುವಣ ಲಾಭದಾಯಕ ಮಾರ್ಗಗಳ ಗಳಿಕೆಯಿಂದ ದೂರದ ಊರುಗಳ ನಷ್ಟವನ್ನು ತುಂಬುವುದು ಸಹಜಧರ್ಮವೆಂದು ಭಾವಿಸಲಾಗಿತ್ತು. ಸಣ್ಣ ಊರುಗಳಿಗಾಗಿಯೇ 1981ರಲ್ಲಿ ವಾಯುದೂತ್ ಹುಟ್ಟಿತು. ಆ ಕಾಲವನ್ನು ಸ್ವರ್ಣಯುಗವೆಂದು ವರ್ಣಿಸುವ ಅಗತ್ಯವಿಲ್ಲ. ಆಸನಗಳ ಅಭಾವ, ಕಾಯುವವರ ಉದ್ದದ ಪಟ್ಟಿ, ಹೊತ್ತಿಗೆ ಸರಿಯಾಗಿ ಹೊರಡದ ವಿಮಾನ ಇವೆಲ್ಲವನ್ನೂ ಅಂದಿನ ಪ್ರಯಾಣಿಕರು ಅನುಭವಿಸಿದ್ದಾರೆ. 1994ರಲ್ಲಿ ಆ ಕಾಯಿದೆ ರದ್ದಾಗಿ ಆಕಾಶವು ಎಲ್ಲರಿಗೂ ತೆರೆದುಕೊಂಡಿತು. ಆದರೆ ಅದೇ ವರ್ಷ ಸರ್ಕಾರವು, ಮುಖ್ಯ ಮಾರ್ಗಗಳಲ್ಲಿ ಹಾರುವ ಪ್ರತಿಯೊಂದು ಸಂಸ್ಥೆಯೂ ತನ್ನ ಸಾಮರ್ಥ್ಯದ ನಿರ್ದಿಷ್ಟ ಪಾಲನ್ನು ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಅಂಡಮಾನ್, ಲಕ್ಷದ್ವೀಪ ಮೊದಲಾದ ಪ್ರದೇಶಗಳಿಗೂ ಇತರ ಸಾಮಾನ್ಯ ಮಾರ್ಗಗಳಿಗೂ ಮೀಸಲಿಡತಕ್ಕದ್ದೆಂದು ವಿಧಿಸಿತು. ಮಾರ್ಗವು ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದುದೆಂಬ ತತ್ತ್ವವನ್ನು ಉದಾರೀಕರಣದ ಪ್ರಥಮ ಉತ್ಸಾಹದಲ್ಲಿಯೂ ನಾವು ತ್ಯಜಿಸಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಅಗ್ಗದ ದರದ ವಿಮಾನಯಾನವನ್ನು ದೇಶಕ್ಕೆ ಪರಿಚಯಿಸಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. 2003ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಹೊರಟ ಅವರ ಏರ್ ಡೆಕ್ಕನ್, ಎ.ಟಿ.ಆರ್. ಎಂಬ ಪಂಖದ ವಿಮಾನಗಳಲ್ಲಿ ಹುಬ್ಬಳ್ಳಿಯಂತಹ ಊರುಗಳಿಗೆ ಹಾರಿ, ರೈಲಿನ ಮೇಲ್ದರ್ಜೆಯ ಟಿಕೆಟಿಗೆ ಸಮೀಪವಾದ ಹಣದಲ್ಲಿ ಸಾಮಾನ್ಯನೂ ಆಕಾಶಯಾನ ಮಾಡಬಹುದೆಂದು ತೋರಿಸಿಕೊಟ್ಟಿತು. ಆ ಸಂಸ್ಥೆ ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ನೆಲಕ್ಕಿಳಿದು ಮತ್ತೆ ಏಳಲಿಲ್ಲ. ಒಂದು ಉದ್ಯಮದ ಏಳುಬೀಳಿನೊಡನೆ ಅದು ಹಾರುತ್ತಿದ್ದ ಊರುಗಳ ಭಾಗ್ಯವೂ ಏಳಬೇಕು, ಬೀಳಬೇಕು ಎಂಬ ಪಾಠವನ್ನು ನಾವು ಆಗಲೇ ಕಲಿತುಕೊಂಡಿರಬೇಕಾಗಿತ್ತು.

2016ರಲ್ಲಿ ಕೇಂದ್ರ ಸರ್ಕಾರವು ರೂಪಿಸಿ 2017ರ ಏಪ್ರಿಲಿನಲ್ಲಿ ಶಿಮ್ಲಾ–ದೆಹಲಿ ಹಾರಾಟದೊಡನೆ ಆರಂಭಿಸಿದ ಉಡಾನ್ ಯೋಜನೆಯು ಈ ಕೊರತೆಯನ್ನು ನೀಗಿಸುವ ಸದುದ್ದೇಶದಿಂದಲೇ ಹುಟ್ಟಿತು. ಅದರ ರಚನೆ ಹೀಗಿದೆ: ಸಂಸ್ಥೆಗಳು ಮಾರ್ಗಗಳಿಗಾಗಿ ಹರಾಜಿನಲ್ಲಿ ಸ್ಪರ್ಧಿಸುತ್ತವೆ, ಗೆದ್ದ ಸಂಸ್ಥೆಯು ವಿಮಾನದ ಸುಮಾರು ಅರ್ಧದಷ್ಟು ಆಸನಗಳನ್ನು ಮಿತವಾದ ದರಕ್ಕೆ, ಎಂದರೆ ಆರಂಭದ ಲೆಕ್ಕದಂತೆ ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಗೆ, ಮಾರಬೇಕು, ಅದರಿಂದಾಗುವ ನಷ್ಟವನ್ನು ಮೂರು ವರ್ಷಗಳ ಕಾಲ ಸರ್ಕಾರ ತುಂಬಿಕೊಡುತ್ತದೆ, ಆ ಅವಧಿಯಲ್ಲಿ ಆ ಮಾರ್ಗದಲ್ಲಿ ಅನ್ಯರಿಗೆ ಪ್ರವೇಶವಿಲ್ಲ. ರಾಜ್ಯ ಸರ್ಕಾರವು ಇಂಧನದ ಮೇಲಿನ ತೆರಿಗೆಯನ್ನು ಶೇಕಡಾ ಒಂದಕ್ಕೆ ಇಳಿಸಿ, ನಷ್ಟಭರ್ತಿಯ ಐದನೆಯ ಒಂದು ಪಾಲನ್ನು ತಾನೂ ಹೊರುತ್ತದೆ. ಉಳಿದ ಹಣಕ್ಕಾಗಿ ಮುಖ್ಯ ಮಾರ್ಗಗಳ ಹಾರಾಟಗಳ ಮೇಲೆ ಸುಂಕವಿದೆ; ಬೆಂಗಳೂರಿನಿಂದ ದೆಹಲಿಗೆ ಹೋಗುವವನ ಟಿಕೆಟಿನ ಹಣದಲ್ಲಿ ಒಂದು ಅಂಶ ಬೀದರಿಗೆ ಹೋಗುವವನ ಆಸನಕ್ಕೆ ಸಲ್ಲುತ್ತದೆಂದು ಇದರ ತಾತ್ಪರ್ಯ. ಯೋಜನೆಯ ಹೃದಯ ಸರಿಯಾದ ಸ್ಥಾನದಲ್ಲಿಯೇ ಇದೆ. ದೋಷವಿರುವುದು ಅದರ ಕಾಲಮಾನದಲ್ಲಿ.

ಭಾರತದ ಮಹಾಲೇಖಪಾಲರು 2023ರಲ್ಲಿ ಸಂಸತ್ತಿಗೆ ಒಪ್ಪಿಸಿದ ವರದಿಯು ಈ ದೋಷವನ್ನು ಅಂಕಿಗಳಲ್ಲಿ ತೆರೆದಿಟ್ಟಿದೆ. ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಲಾದ 774 ಮಾರ್ಗಗಳಲ್ಲಿ 403 ಮಾರ್ಗಗಳು ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷಗಳ ಅವಧಿಯನ್ನು ಪೂರೈಸಿದವು 112. ಸಹಾಯಧನ ನಿಂತ ಮೇಲೆಯೂ 2023ರ ಮಾರ್ಚಿನವರೆಗೆ ಬದುಕುಳಿದವು ಕೇವಲ 54. ಹಂಚಿದುದರಲ್ಲಿ ಶೇಕಡಾ ಏಳು. ನೂರು ಮಾರ್ಗಗಳಿಗೆ ಆಶ್ವಾಸನವಿತ್ತು ಏಳರಲ್ಲಿ ಸೇವೆಯನ್ನು ಉಳಿಸಿಕೊಟ್ಟ ಯಾವ ವ್ಯವಸ್ಥೆಯನ್ನಾದರೂ, ಅದರ ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ಸಫಲವೆಂದು ಕರೆಯಲಾಗದು.

ಕರ್ನಾಟಕದ ಅನುಭವವು ಈ ಅಂಕಿಗಳಿಗೆ ಭಾಷ್ಯದಂತಿದೆ. ಬೀದರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರು. ರಾಜಧಾನಿಯಿಂದ ಇಷ್ಟು ದೂರದಲ್ಲಿರುವ ಬೇರೊಂದು ಜಿಲ್ಲಾಕೇಂದ್ರ ನಮ್ಮಲ್ಲಿಲ್ಲ, ಆದುದರಿಂದ ವಿಮಾನದ ಅಗತ್ಯ ಇಲ್ಲಿಯಷ್ಟು ಬೇರೆಲ್ಲಿಯೂ ಇಲ್ಲ. ವಾಯುಪಡೆಯ ನೆಲೆಯ ಪಕ್ಕದಲ್ಲಿ ಅಲ್ಲಿ 2020ರ ಫೆಬ್ರವರಿಯಲ್ಲಿ ಆರಂಭವಾದ ಸೇವೆಯನ್ನು ಟ್ರೂಜೆಟ್ ನಡೆಸುತ್ತಿತ್ತು. ಆ ಸಂಸ್ಥೆಯೇ 2022ರಲ್ಲಿ ಹಾರಾಟವನ್ನು ನಿಲ್ಲಿಸಿತು. ಬಳಿಕ ಇನ್ನೊಂದು ಸಂಸ್ಥೆ ಬಂದಿತು. 2023ರ ಅಂತ್ಯದಲ್ಲಿ ಆ ಸೇವೆಯೂ ನಿಂತಿತು. 2025ರ ಏಪ್ರಿಲಿನಲ್ಲಿ ಮತ್ತೆ ಆರಂಭವಾಯಿತು. ಇಂತಹ ಅನಿಶ್ಚಯದ ನಡುವೆ ಬೀದರಿನ ವ್ಯಾಪಾರಿಯಾಗಲಿ ರೋಗಿಯಾಗಲಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣವನ್ನೇ ತನ್ನ ನಿಲ್ದಾಣವೆಂದು ನಂಬಿಕೊಂಡರೆ ಅದು ಅವನ ತಪ್ಪಲ್ಲ. 2019ರ ನವೆಂಬರಿನಲ್ಲಿ ಉದ್ಘಾಟನೆಗೊಂಡ ಕಲಬುರಗಿಯ ನಿಲ್ದಾಣದಿಂದ ದೆಹಲಿಯ ಪಕ್ಕದ ಹಿಂಡನ್‌ಗೂ ತಿರುಪತಿಗೂ ಇದ್ದ ಹಾರಾಟಗಳು ನಿಂತುಹೋದವು. ಶಿವಮೊಗ್ಗದಲ್ಲಿ 3,200 ಮೀಟರು ಉದ್ದದ, ರಾಜ್ಯದಲ್ಲಿ ಬೆಂಗಳೂರನ್ನು ಬಿಟ್ಟರೆ ಅತ್ಯಂತ ದೀರ್ಘವಾದ ರನ್‌ವೇಯನ್ನು ನಿರ್ಮಿಸಿ, 2023ರ ಫೆಬ್ರವರಿಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನಿಂದ ಉದ್ಘಾಟಿಸಿದರು. ಮೊದಲ ಪ್ರಯಾಣಿಕ ವಿಮಾನ ಬರಲು ಆಗಸ್ಟ್ ತಿಂಗಳ ಕೊನೆಯ ದಿನದವರೆಗೆ ಕಾಯಬೇಕಾಯಿತು. ಮಲೆನಾಡಿನ ಮಳೆಮೋಡಗಳ ನಡುವೆ ಇಳಿಯಲು ಬೇಕಾದ ಮಾರ್ಗದರ್ಶಕ ಉಪಕರಣಗಳೂ ರಾತ್ರಿ ಇಳಿಯುವ ವ್ಯವಸ್ಥೆಯೂ ಆರಂಭದಲ್ಲಿ ಇರಲಿಲ್ಲ. ಕೆರೆಯನ್ನು ವಿಶಾಲವಾಗಿ ತೋಡಿಸಿ ನೀರು ಬರುವ ಕಾಲುವೆಯನ್ನು ಮರೆತ ಪಾಳೆಯಗಾರನ ಕೆಲಸದಂತಿತ್ತು ಇದು.

ಮಾರ್ಗಗಳು ಹೀಗೆ ಅಲ್ಪಾಯುಗಳಾಗುವುದಕ್ಕೆ ಕಾರಣಗಳು ನಿಗೂಢವಾದವುಗಳಲ್ಲ. ಸಣ್ಣ ಊರಿಗೆ ಹಾರುವ ವಿಮಾನದಲ್ಲಿ ಐವತ್ತರಿಂದ ಎಂಬತ್ತರವರೆಗೆ ಆಸನಗಳಿರುತ್ತವೆ. ಚಾಲಕರ ವೇತನ, ಡಾಲರಿನಲ್ಲಿ ತೆರಬೇಕಾದ ಗುತ್ತಿಗೆಯ ಬಾಡಿಗೆ, ದುರಸ್ತಿ ಇವೆಲ್ಲವನ್ನೂ ಆ ಅಲ್ಪಸಂಖ್ಯೆಯ ಆಸನಗಳ ಮೇಲೆಯೇ ಹಂಚಬೇಕು. ಪ್ರಾದೇಶಿಕ ಸಂಸ್ಥೆಗಳ ಬಳಿ ಇರುವುದು ಕೆಲವೇ ವಿಮಾನಗಳು; ಒಂದು ಕೆಟ್ಟು ನಿಂತರೆ ಮೂರು ಊರುಗಳ ಸೇವೆ ನಿಲ್ಲುತ್ತದೆ. ಬೆಂಗಳೂರಿನಂತಹ ನಿಬಿಡವಾದ ನಿಲ್ದಾಣದಲ್ಲಿ ಜನರಿಗೆ ಅನುಕೂಲವಾದ ಬೆಳಗಿನ ಮತ್ತು ಸಂಜೆಯ ಇಳಿಯುವ ಹೊತ್ತುಗಳೆಲ್ಲ ದೊಡ್ಡ ಸಂಸ್ಥೆಗಳ ವಶದಲ್ಲಿರುವುದರಿಂದ, ಸಣ್ಣ ಊರಿನ ವಿಮಾನಕ್ಕೆ ಮಧ್ಯಾಹ್ನದ ನಿರುಪಯುಕ್ತ ಹೊತ್ತು ದೊರೆಯುತ್ತದೆ. ಅಂದೇ ಹೋಗಿ ಕೆಲಸ ಮುಗಿಸಿ ಅಂದೇ ಹಿಂದಿರುಗಲಾಗದ ವಿಮಾನವನ್ನು ವಕೀಲನಾಗಲಿ ವರ್ತಕನಾಗಲಿ ಏಕೆ ಏರುವನು? 2024ರ ಮಾರ್ಚಿನಿಂದ ಕಲಬುರಗಿಗೂ ಬೆಂಗಳೂರಿಗೂ ನಡುವೆ ವಂದೇ ಭಾರತ್ ರೈಲು ಓಡುತ್ತಿದೆ. ನಿಶ್ಚಿತವಾಗಿ ಬರುವ ರೈಲು, ಬರಬಹುದಾದ ವಿಮಾನಕ್ಕಿಂತ ಯಾವಾಗಲೂ ಮೇಲು. ಸೇವೆ ಅನಿಶ್ಚಿತವಾದ್ದರಿಂದ ಜನ ನಂಬುವುದಿಲ್ಲ, ಜನ ನಂಬದ್ದರಿಂದ ಆಸನಗಳು ತುಂಬುವುದಿಲ್ಲ, ಆಸನಗಳು ತುಂಬದ್ದರಿಂದ ಸೇವೆ ನಿಲ್ಲುತ್ತದೆ. ಈ ವಿಷಚಕ್ರವನ್ನು ಮೂರು ವರ್ಷಗಳ ಸಹಾಯಧನ ಮುರಿಯಲಾರದು.

ಇನ್ನು ಪ್ರಯಾಣಿಕನ ಸ್ಥಿತಿಯನ್ನು ನೋಡೋಣ. ವಿಮಾನಗಳ ವೇಳಾಪಟ್ಟಿಯು ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರದಿಂದ, ಹೊಸದಾಗುತ್ತದೆ. ಎಂದರೆ ಸಣ್ಣ ಊರೊಂದರ ವಾಯುಸಂಪರ್ಕದ ಆಯುಷ್ಯವನ್ನು ಆರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಲಾಗುತ್ತದೆ. ಹಾರಾಟ ರದ್ದಾದರೆ ಪರಿಹಾರ ಕೊಡಬೇಕೆಂಬ ನಿಯಮ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ಇದೆ. ಆದರೆ ಎರಡು ವಾರ ಮುಂಚಿತವಾಗಿ ತಿಳಿಸಿದಲ್ಲಿ ಸಂಸ್ಥೆಯು ಹಣವನ್ನು ಹಿಂದಿರುಗಿಸಿಯೋ ಬೇರೆ ವಿಮಾನದಲ್ಲಿ ಕಳುಹಿಸಿಯೋ ಋಣಮುಕ್ತವಾಗುತ್ತದೆ. ದೆಹಲಿ–ಮುಂಬಯಿಯ ಪ್ರಯಾಣಿಕನಿಗೆ ಬೇರೆ ವಿಮಾನವೆಂಬುದು ಗಂಟೆಗೊಂದಿದೆ. ದಿನಕ್ಕೊಂದು ಹಾರಾಟವೂ ಇಲ್ಲದ ಊರಿನವನಿಗೆ ಆ ನಿಯಮದಿಂದ ದೊರೆಯುವುದು ಬಸ್ಸಿನ ದಾರಿ. ಬೀದರಿನಿಂದ ಬೆಂಗಳೂರಿಗೆ ಒಂದು ಸಂಸ್ಥೆಯ ಟಿಕೆಟನ್ನೂ ಬೆಂಗಳೂರಿನಿಂದ ದೆಹಲಿಗೆ ಇನ್ನೊಂದು ಸಂಸ್ಥೆಯ ಟಿಕೆಟನ್ನೂ ಪ್ರತ್ಯೇಕವಾಗಿ ಕೊಂಡವನ ಮೊದಲ ವಿಮಾನ ತಡವಾದರೆ ಎರಡನೆಯ ಟಿಕೆಟಿನ ಹಣಕ್ಕೆ ಉತ್ತರವಾದಿಗಳಿಲ್ಲ. ಅವನ ಪೆಟ್ಟಿಗೆಯನ್ನು ಬೆಂಗಳೂರಿನಲ್ಲಿ ಅವನೇ ಬಿಡಿಸಿಕೊಂಡು, ಮತ್ತೆ ಚೆಕ್-ಇನ್ ಸಾಲಿನಲ್ಲಿ ನಿಂತು, ಮತ್ತೊಮ್ಮೆ ತೂಗಿಸಿ ಕೊಡಬೇಕು. ಮನೆಯಲ್ಲಿ ಕುಳಿತು ವೆಬ್ ಚೆಕ್-ಇನ್ ಮಾಡಲು ತಿಳಿಯದವನಿಂದ ಕೌಂಟರಿನಲ್ಲಿ ಬೋರ್ಡಿಂಗ್ ಪಾಸಿಗೂ ಹಣ ಕೀಳುತ್ತಿದ್ದ ಪದ್ಧತಿಯನ್ನು 2022ರ ಜುಲೈಯಲ್ಲಿ ಸಚಿವಾಲಯವು ನಿಷೇಧಿಸಬೇಕಾಯಿತೆಂಬುದು, ಮೊದಲ ಸಲ ವಿಮಾನವೇರುವವನನ್ನು ಈ ಉದ್ಯಮ ಯಾವ ದೃಷ್ಟಿಯಿಂದ ನೋಡುತ್ತಿತ್ತೆಂಬುದಕ್ಕೆ ನಿದರ್ಶನ. ಟಿಕೆಟ್ಟು ಉಭಯಪಕ್ಷಗಳ ಕರಾರೆಂದು ಹೇಳುತ್ತಾರೆ. ಅದು ಬಿಗಿಯಾಗಿ ಕಟ್ಟುವುದು ಮಾತ್ರ ಒಂದು ಪಕ್ಷವನ್ನು.

ಸೇವೆಗೂ ಸರ್ಕಾರ ಹೊಣೆಯಾಗಬೇಕೆಂಬ ಈ ವಾದಕ್ಕೆ ಎರಡು ಆಕ್ಷೇಪಗಳು ಬರುವುದು ಸಹಜ. ಜನರು ಏರದ ವಿಮಾನವನ್ನು ತೆರಿಗೆದಾರನ ಹಣದಿಂದ ಹಾರಿಸುವುದೇಕೆ, ಮಾರುಕಟ್ಟೆಯೇ ನಿರ್ಣಯಿಸಲಿ ಎಂಬುದು ಮೊದಲನೆಯದು. ನಿಲ್ದಾಣವನ್ನು ಕಟ್ಟುವಾಗ ಮಾರುಕಟ್ಟೆಯ ನಿರ್ಣಯಕ್ಕಾಗಿ ಯಾರೂ ಕಾಯಲಿಲ್ಲ; ಜನರ ಹಣ ನೆಲದಲ್ಲಿ ಹೂತಮೇಲೆ ಮಾರುಕಟ್ಟೆಯ ಹೆಸರೆತ್ತುವುದು ಅರ್ಧ ನ್ಯಾಯ. ಕಾಲಕ್ರಮದಲ್ಲಿ ಸೇವೆಗಳು ತಾವಾಗಿಯೇ ಬರುವುವು, ಹುಬ್ಬಳ್ಳಿ ಬೆಳೆಯಲಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಹುಬ್ಬಳ್ಳಿ ಬೆಳೆದುದು ನಿಜ. ವಾಣಿಜ್ಯವೂ ಉಚ್ಚ ನ್ಯಾಯಾಲಯದ ಪೀಠವೂ ವಿಶ್ವವಿದ್ಯಾಲಯಗಳೂ ಸೇರಿರುವ ಅವಳಿನಗರಕ್ಕೆ ಸಹಜವಾದ ಪ್ರಯಾಣಿಕವರ್ಗವಿತ್ತು. ಮೈಸೂರಿನ ಕಥೆ ಇದಕ್ಕೆ ವ್ಯತಿರಿಕ್ತವಾದುದು. ಮಂಡಕಳ್ಳಿಯ 1,740 ಮೀಟರಿನ ರನ್‌ವೇಯಲ್ಲಿ ನಿತ್ಯಸೇವೆಗೆ ಇಳಿಯುವವು ಬಹುಮಟ್ಟಿಗೆ ಪಂಖದ ವಿಮಾನಗಳೇ. 2010ರಿಂದ ಹಲವು ಸಂಸ್ಥೆಗಳು ಅಲ್ಲಿಗೆ ಬಂದುವು, ಹೋದುವು. 2023ರಲ್ಲಿ ದಶಪಥ ಹೆದ್ದಾರಿ ತೆರೆದ ಬಳಿಕ ಬೆಂಗಳೂರಿಗೆ ವಿಮಾನವೇರುವ ಕಾರಣವೇ ಇಲ್ಲವಾಯಿತು. ಮೈಸೂರಿನ ಪ್ರಯಾಣಿಕನನ್ನು ನೇರವಾಗಿ ದೇವನಹಳ್ಳಿಯ ನಿಲ್ದಾಣಕ್ಕೆ ಒಯ್ಯುವ ಸಾರಿಗೆ ಸಂಸ್ಥೆಯ ಫ್ಲೈಬಸ್ಸೇ ಅವನಿಗೆ ಹೆಚ್ಚಿನ ಉಪಕಾರ ಮಾಡುತ್ತಿದೆಯೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಎಲ್ಲ ಊರಿಗೂ ವಿಮಾನ ಬೇಕೆಂಬುದು ಈ ಲೇಖನದ ವಾದವಲ್ಲ. ಬೇಕಾದ ಊರಿಗೆ ಬಂದುದು ಉಳಿಯಬೇಕೆಂಬುದು ವಾದ.

ಸಂಸ್ಥೆಗಳನ್ನು ನಿರ್ಬಂಧಿಸುವ ಅಧಿಕಾರ ಸರ್ಕಾರಕ್ಕೆಲ್ಲಿದೆ ಎಂದು ಕೇಳುವವರು 2025ರ ಡಿಸೆಂಬರನ್ನು ಸ್ಮರಿಸಬೇಕು. ಚಾಲಕರ ವಿಶ್ರಾಂತಿಯ ಹೊಸ ನಿಯಮಗಳಿಗೆ ಸಿದ್ಧವಾಗಿರದ ಇಂಡಿಗೊ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾಗಿ, ಉಳಿದ ಸಂಸ್ಥೆಗಳ ದರಗಳು ಗಗನಕ್ಕೇರಿದಾಗ, 500 ಕಿಲೋಮೀಟರಿನವರೆಗಿನ ಪ್ರಯಾಣಕ್ಕೆ 7,500 ರೂಪಾಯಿಯೆಂಬಂತೆ ದೂರಕ್ಕನುಗುಣವಾದ ಮಿತಿಯನ್ನು ಸರ್ಕಾರ ತಕ್ಷಣ ವಿಧಿಸಿತು. ಮಹಾನಗರಗಳ ಪ್ರಯಾಣಿಕರು ನಿಲ್ದಾಣಗಳಲ್ಲಿ ಸಿಕ್ಕಿಕೊಂಡು ಕೋಪಗೊಂಡಾಗ ಜಾಗೃತವಾಗುವ ಅಧಿಕಾರವು, ಬೀದರಿನ ವಿಮಾನ ತಿಂಗಳುಗಟ್ಟಲೆ ಬಾರದಿದ್ದಾಗ ನಿದ್ರಿಸಬೇಕೆಂಬ ನಿಯಮವೇನೂ ಇಲ್ಲ.

ಮುಕ್ತ ಮಾರುಕಟ್ಟೆಯ ತವರೆನಿಸಿದ ಅಮೆರಿಕದಲ್ಲಿಯೇ, 1978ರಲ್ಲಿ ವಿಮಾನಯಾನವನ್ನು ನಿಯಂತ್ರಣದಿಂದ ಬಿಡುಗಡೆ ಮಾಡಿದ ಅದೇ ಕಾಯಿದೆಯು ಸಣ್ಣ ಊರುಗಳಿಗೆ ಅತ್ಯಾವಶ್ಯಕ ವಾಯುಸೇವೆಯನ್ನೂ ವಿಧಿಸಿತು. ಅಲ್ಲಿ ಊರೊಂದರ ಕೊನೆಯ ಸೇವೆಯನ್ನು ನಿಲ್ಲಿಸಬಯಸುವ ಸಂಸ್ಥೆ 90 ದಿನಗಳ ಮುನ್ಸೂಚನೆ ಕೊಡಬೇಕು. ಬದಲಿ ಸಂಸ್ಥೆ ದೊರೆಯುವವರೆಗೆ ಅದನ್ನು ತಡೆದುನಿಲ್ಲಿಸುವ ಅಧಿಕಾರ ಸಾರಿಗೆ ಇಲಾಖೆಗಿದೆ. ಐರೋಪ್ಯ ಒಕ್ಕೂಟದಲ್ಲಿ ಸಾರ್ವಜನಿಕ ಸೇವಾಬಾಧ್ಯತೆಯ ಮಾರ್ಗಗಳನ್ನು ನಾಲ್ಕು ವರ್ಷಗಳವರೆಗಿನ ಒಪ್ಪಂದದಲ್ಲಿ ಕೊಟ್ಟು, ಅವಧಿ ಮುಗಿದೊಡನೆ ಮತ್ತೆ ಟೆಂಡರು ಕರೆಯುತ್ತಾರೆ. ಸೇವೆಯ ಅವಶ್ಯಕತೆ ಮೂರು ವರ್ಷಗಳಿಗೆ ಮುಗಿದುಹೋಗುತ್ತದೆಂಬ ಭ್ರಮೆ ಆ ದೇಶಗಳಿಗಿಲ್ಲ.

ನಮ್ಮಲ್ಲಿ ಆಗತಕ್ಕ ಕಾರ್ಯಗಳು ಅಸಾಧ್ಯವಾದವುಗಳಲ್ಲ. ಸಹಾಯಧನವು ಮೂರು ವರ್ಷಗಳ ಕೊನೆಗೆ ಒಮ್ಮೆಲೇ ನಿಲ್ಲದೆ, ಪ್ರಯಾಣಿಕರ ಸಂಖ್ಯೆ ಏರಿದಂತೆ ಕ್ರಮೇಣ ಇಳಿಯುವ ದೀರ್ಘಾವಧಿಯ ಕರಾರಾಗಬೇಕು. ಸೇವೆಯನ್ನು ನಿಲ್ಲಿಸುವ ಸಂಸ್ಥೆಯು ಮೂರು ತಿಂಗಳ ಬಹಿರಂಗ ಸೂಚನೆ ಕೊಡತಕ್ಕದ್ದೆಂದೂ ಅದಕ್ಕೆ ತಪ್ಪಿದಲ್ಲಿ ಠೇವಣಿ ಕಳೆದುಕೊಳ್ಳತಕ್ಕದ್ದೆಂದೂ ವಿಧಿಸಬೇಕು. ಬೆಂಗಳೂರಿನ ನಿಲ್ದಾಣವನ್ನು ನಡೆಸುವ ಕಂಪನಿಯಲ್ಲಿ ರಾಜ್ಯ ಸರ್ಕಾರಕ್ಕೆ ತನ್ನ ನಿಗಮದ ಮೂಲಕ ಶೇಕಡಾ 13ರ ಪಾಲಿದೆ. ಆ ಪಾಲುಗಾರಿಕೆಯ ಧ್ವನಿಯನ್ನು ಉಪಯೋಗಿಸಿ, ರಾಜ್ಯದೊಳಗಿನ ಊರುಗಳಿಂದ ಬರುವ ವಿಮಾನಗಳಿಗೆ ಬೆಳಗಿನ ಮತ್ತು ಸಂಜೆಯ ಕೆಲವು ಹೊತ್ತುಗಳನ್ನು ಮೀಸಲಿಡಿಸಬೇಕು. ಸಹಾಯಧನ ಪಡೆಯುವ ಸಂಸ್ಥೆ ದೊಡ್ಡ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ಬೀದರಿನಲ್ಲಿ ಕೊಟ್ಟ ಪೆಟ್ಟಿಗೆ ದೆಹಲಿಯಲ್ಲಿಯೇ ದೊರೆಯುವಂತೆ, ಒಂದೇ ಟಿಕೆಟಿನಲ್ಲಿ ಪ್ರಯಾಣ ಪೂರ್ತಿಯಾಗುವಂತೆ ನೋಡಿಕೊಳ್ಳಬೇಕು. ವಿಜಯಪುರ, ಹಾಸನ, ರಾಯಚೂರುಗಳಲ್ಲಿ ಕೈಗೊಂಡಿರುವ ನಿಲ್ದಾಣಗಳ ವಿಷಯದಲ್ಲಿ, ಉದ್ಘಾಟನೆಯ ದಿನಾಂಕವನ್ನು ಗೊತ್ತುಪಡಿಸುವುದಕ್ಕಿಂತ ಮುಂಚಿತವಾಗಿ ಮಾರ್ಗಗಳ ಕರಾರನ್ನು ಜನರ ಮುಂದಿಡಬೇಕು.

ಓದುಗರಲ್ಲಿಯೂ ಒಂದು ವಿಜ್ಞಾಪನೆಯಿದೆ. ನಿಮ್ಮ ಜಿಲ್ಲೆಗೆ ವಿಮಾನನಿಲ್ದಾಣವನ್ನು ತರುವೆನೆಂದು ಮುಂದಿನ ಚುನಾವಣೆಯಲ್ಲಿ ಯಾರಾದರೂ ವಾಗ್ದಾನ ಮಾಡಿದರೆ, ರನ್‌ವೇಯ ಉದ್ದವನ್ನು ಕೇಳಬೇಡಿ. ಯಾವ ಊರಿಗೆ, ವಾರಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ, ಎಷ್ಟು ವರ್ಷಗಳವರೆಗೆ ವಿಮಾನ ಹಾರುವುದು, ಅದು ನಿಂತರೆ ನಮಗೆ ಉತ್ತರ ಕೊಡುವವರು ಯಾರು ಎಂದು ಕೇಳಿ. ಬರೆದುಕೊಡಲು ಸಿದ್ಧರಿಲ್ಲದವರಿಗೆ, ಆ ಭೂಮಿಯನ್ನು ರೈತನ ಕೈಯಲ್ಲಿಯೇ ಬಿಡಿರೆಂದು ಹೇಳಿ.